ಸಂಸಾರದ ವ್ಯಾಧಿಗೆ ನಿದಾನ ಬರೆದ ಮೇರಿ ರಿಚ್ಮಂಡ್

ಮನೆಯಲ್ಲಿ ಒಬ್ಬರಿಗೆ ಜಡ್ಡು ಬಂದರೆ ಮನೆಯವರೆಲ್ಲರ ನಿದ್ರೆ ಕೆಡುತ್ತದೆ ಎಂಬುದನ್ನು ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಸತ್ಯಕ್ಕೆ ಇನ್ನೊಂದು ಮಗ್ಗುಲುಂಟು. ಮನೆಯವರ ನಡುವಣ ಬಾಂಧವ್ಯವೇ ಕೆಟ್ಟುಹೋದಾಗ ಅದರ ಬೇನೆ ಒಬ್ಬರ ಮೈಯಲ್ಲಿಯೋ ಮನಸ್ಸಿನಲ್ಲಿಯೋ ನಡತೆಯಲ್ಲಿಯೋ ಮೊದಲು ಕಾಣಿಸಿಕೊಳ್ಳುವುದು. ಹಟಮಾರಿಯಾದ ಮಗು, ಕುಡುಕನಾದ ಗಂಡ, ಮಾತು ಬಿಟ್ಟು ಮೂಲೆ ಹಿಡಿದ ಸೊಸೆ, ಇವರನ್ನು ಮಾತ್ರ ಹಿಡಿದು ಮದ್ದು ಕೊಟ್ಟರೆ ಗುಣ ನಿಲ್ಲುವುದಿಲ್ಲ. ಮನೆಯನ್ನೇ ಒಟ್ಟಾಗಿ ಕೂರಿಸಿ ವಿಚಾರಿಸಬೇಕು ಎಂಬ ತತ್ತ್ವದ ಮೇಲೆ ಬೆಳೆದು ನಿಂತಿರುವುದೇ ಕುಟುಂಬ ಚಿಕಿತ್ಸೆ ಎಂಬ ಆಧುನಿಕ ಶಾಸ್ತ್ರ.

ಈ ಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ೧೯೫೦ರ ದಶಕದ ಅಮೆರಿಕದ ಕೆಲವು ಮನೋವೈದ್ಯರ ಹೆಸರುಗಳಿಂದ ತೊಡಗುತ್ತಾರೆ. ಆ ವೈದ್ಯರ ಹಿರಿಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೂ ಅವರಿಗಿಂತ ಅರ್ಧ ಶತಮಾನ ಮೊದಲೇ, ವೈದ್ಯಶಾಸ್ತ್ರವನ್ನು ಓದದ, ಕಾಲೇಜಿನ ಮೆಟ್ಟಿಲನ್ನೂ ಹತ್ತದ, ಲೆಕ್ಕ ಬರೆದು ಹೊಟ್ಟೆ ಹೊರೆದುಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ಇದೇ ತತ್ತ್ವವನ್ನು ಬಡವರ ಮನೆಗಳ ಹೊಸ್ತಿಲಲ್ಲಿ ನಿಂತು ಕಂಡುಕೊಂಡಳೆಂಬುದು ಬಹುಮಂದಿಗೆ ತಿಳಿಯದು. ಆಕೆಯೇ ಮೇರಿ ಎಲೆನ್ ರಿಚ್ಮಂಡ್. ಸಮಾಜಸೇವೆಯನ್ನು ಒಂದು ವಿದ್ಯೆಯನ್ನಾಗಿ, ಒಂದು ವೃತ್ತಿಯನ್ನಾಗಿ ರೂಪಿಸಿದ ಕೀರ್ತಿ ಆಕೆಗೆ ಸಲ್ಲುತ್ತದೆ. ಸ್ವಂತಕ್ಕೆ ಸಂಸಾರವೆಂಬುದೇ ಇಲ್ಲದಿದ್ದ ಆಕೆ ಸಂಸಾರದ ಮರ್ಮವನ್ನು ಅರಿಯಲು ಜೀವಮಾನವನ್ನೇ ಸವೆಸಿದುದು ವಿಧಿಯ ವಿಚಿತ್ರವೆಂದೇ ಹೇಳಬೇಕು.

ತಬ್ಬಲಿತನ

ಮೇರಿ ರಿಚ್ಮಂಡ್ ಹುಟ್ಟಿದುದು ೧೮೬೧ನೆಯ ಇಸವಿ ಆಗಸ್ಟ್ ೫ರಂದು, ಇಲಿನಾಯ್ ಪ್ರಾಂತದ ಬೆಲ್‌ವಿಲ್ ಎಂಬ ಊರಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ದಕ್ಷಿಣ ಪ್ರಾಂತಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತ್ತು. ತಂದೆ ಗಾಡಿಗಳ ಕಮ್ಮಾರಿಕೆ ಮಾಡುತ್ತಿದ್ದವನು. ಒಡಹುಟ್ಟಿದವರು ಎಳವೆಯಲ್ಲಿಯೇ ತೀರಿಕೊಂಡರು. ಮಗುವಿಗೆ ತಿಳಿವಳಿಕೆ ಬರುವ ಮೊದಲೇ ತಾಯಿ ಕ್ಷಯರೋಗದಿಂದ ಸತ್ತಳು. ತಂದೆ ಮರುಮದುವೆಯಾದನು. ಮೇರಿ ಬಾಲ್ಟಿಮೋರ್ ನಗರದಲ್ಲಿದ್ದ ತಾಯಿಯ ತಾಯಿಯ ಮಡಿಲು ಸೇರಿದಳು.

ಅಜ್ಜಿ ಸಾಮಾನ್ಯ ಹೆಂಗಸಾಗಿರಲಿಲ್ಲ. ಬಾಡಿಗೆಗೆ ಜನರನ್ನು ಇರಿಸಿಕೊಂಡು ಊಟವಸತಿ ಒದಗಿಸುವ ಮನೆಯನ್ನು ನಡೆಸುತ್ತಿದ್ದ ಆಕೆ ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ವಾದಿಸುತ್ತಿದ್ದ ದಿಟ್ಟೆ. ಆತ್ಮಗಳೊಡನೆ ಸಂಭಾಷಣೆ ಸಾಧ್ಯವೆಂದೂ ನಂಬಿದ್ದವಳು. ಶಾಲೆಗಳ ಕಲಿಸುವ ಕ್ರಮದಲ್ಲಿ ಆಕೆಗೆ ಕಿಂಚಿತ್ತೂ ವಿಶ್ವಾಸವಿರಲಿಲ್ಲವಾದ್ದರಿಂದ ಮೊಮ್ಮಗಳು ಹನ್ನೊಂದು ವರ್ಷದವಳಾಗುವವರೆಗೆ ಶಾಲೆಯ ಮುಖವನ್ನೇ ಕಾಣಲಿಲ್ಲ. ಹುಡುಗಿ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತಾನಾಗಿಯೇ ಓದಿದಳು. ಊಟದ ಮೇಜಿನ ಸುತ್ತ ನಡೆಯುತ್ತಿದ್ದ ಹಿರಿಯರ ವಾದವಿವಾದಗಳನ್ನು ಕೇಳುತ್ತ ಬೆಳೆದಳು. ಆ ಮನೆಗೆ ಬಂದುಹೋಗುತ್ತಿದ್ದ ನಾನಾ ತರದ ಜನರ ನಡೆನುಡಿಗಳನ್ನು ಗಮನಿಸುವ ಅಭ್ಯಾಸ ಎಳವೆಯಲ್ಲಿಯೇ ಬೇರೂರಿತು.

೧೮೭೮ರಲ್ಲಿ ಪ್ರೌಢಶಾಲೆಯ ವ್ಯಾಸಂಗ ಮುಗಿಯಿತು. ಮುಂದೆ ಓದಿಸುವ ಅನುಕೂಲ ಯಾರಿಗೂ ಇರಲಿಲ್ಲ. ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಅಚ್ಚಿನ ಕರಡು ತಿದ್ದುತ್ತಿದ್ದ ಚಿಕ್ಕಮ್ಮನ ಬಳಿಗೆ ಮೇರಿ ಹೋದಳು. ಅಲ್ಲಿಯೇ ಆಕೆಗೂ ಕೆಲಸ ದೊರೆಯಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಚಿಕ್ಕಮ್ಮ ಕಾಯಿಲೆ ಬಿದ್ದು ಬಾಲ್ಟಿಮೋರಿಗೆ ಹಿಂದಿರುಗಿದಳು. ಹದಿಹರೆಯ ದಾಟದ ಹುಡುಗಿ ಆ ಮಹಾನಗರದಲ್ಲಿ ಒಬ್ಬಂಟಿಯಾಗಿ ಉಳಿದಳು. ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆ, ಅರೆಹೊಟ್ಟೆಯ ಊಟ, ಮಲೇರಿಯಾ ಜ್ವರ, ಆಡಿಕೊಳ್ಳಲು ತನ್ನವರೆಂಬುವರಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಯಂಥ ನಗರದ ಬಾಡಿಗೆ ಕೋಣೆಯಲ್ಲಿ ದಿನ ಕಳೆದವರಿಗೆ ಆ ಏಕಾಂತದ ಭಾರ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಎರಡು ವರ್ಷಗಳ ತರುವಾಯ ಆಕೆಯೂ ಬಾಲ್ಟಿಮೋರಿಗೆ ಮರಳಿದಳು. ಬಡತನವೆಂದರೆ ಕೇವಲ ಹಣವಿಲ್ಲದಿರುವುದಲ್ಲ, ಕೈ ಹಿಡಿಯುವ ಜನವಿಲ್ಲದಿರುವುದು ಎಂಬ ಪಾಠವನ್ನು ಮಾತ್ರ ಆಕೆ ಮರೆಯಲಿಲ್ಲ.

ದಾನಧರ್ಮದ ಕಚೇರಿ

ಮುಂದಿನ ಕೆಲವು ವರ್ಷ ಮೇರಿ ಕಾಗದ ಲೇಖನಿಗಳ ಅಂಗಡಿಯೊಂದರಲ್ಲಿ, ಬಳಿಕ ಹೋಟೆಲೊಂದರಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ಮಾಡಿದಳು. ೧೮೮೯ರಲ್ಲಿ ಬಾಲ್ಟಿಮೋರಿನ ದತ್ತಿ ಸಂಘಟನಾ ಸಂಘಕ್ಕೆ ಸಹಾಯಕ ಖಜಾಂಚಿ ಬೇಕೆಂಬ ಜಾಹೀರಾತನ್ನು ಕಂಡು ಅರ್ಜಿ ಹಾಕಿದಳು. ಆಕೆಗೆ ಬೇಕಾಗಿದ್ದುದು ಉದ್ಯೋಗ. ದೊರೆತುದು ಜೀವನದ ಧ್ಯೇಯ.

ಈ ಸಂಘಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ೧೮೬೯ರಲ್ಲಿ ಲಂಡನ್ನಿನಲ್ಲಿಯೂ ೧೮೭೭ರಲ್ಲಿ ಅಮೆರಿಕದ ಬಫಲೋ ನಗರದಲ್ಲಿಯೂ ಆರಂಭವಾದ ಈ ಚಳವಳಿಯ ಉದ್ದೇಶ ದಾನಕ್ಕೆ ಒಂದು ಕ್ರಮವನ್ನು ತರುವುದು. ಕಾರ್ಖಾನೆಗಳು ಬೆಳೆದು, ಹಡಗುಗಟ್ಟಲೆ ವಲಸೆಗಾರರು ಬಂದಿಳಿದು, ಅಮೆರಿಕದ ನಗರಗಳು ಬಡಜನರಿಂದ ತುಂಬಿಹೋಗಿದ್ದವು. ದಾನ ಕೊಡುವವರೂ ಬಹಳವಿದ್ದರು. ಆದರೆ ಬಾಯುಳ್ಳವನು ಐದು ಕಡೆ ಬೇಡಿ ಪಡೆದರೆ ಬಾಯಿಲ್ಲದವನು ಉಪವಾಸ ಬೀಳುತ್ತಿದ್ದನು. ಇದನ್ನು ಸರಿಪಡಿಸಲು ಸಂಘದವರು ದಾಖಲೆಗಳನ್ನಿಟ್ಟರು. ಕೇಳಿಬಂದವರ ಮನೆಗೆ ಸ್ನೇಹಸಂದರ್ಶಕರೆಂಬ ಸ್ವಯಂಸೇವಕರನ್ನು ಕಳುಹಿಸಿ ವಿಚಾರಣೆ ಮಾಡಿಸಿದರು. ಈ ಸಂದರ್ಶಕರಲ್ಲಿ ಬಹುಮಂದಿ ಅನುಕೂಲಸ್ಥ ಮನೆತನದ ಹೆಂಗಸರು. ಬಡತನಕ್ಕೆ ಬಡವನ ದುರ್ಗುಣವೇ ಕಾರಣ, ಒಳ್ಳೆಯ ಮಾತು ಹೇಳಿ ತಿದ್ದಿದರೆ ಸಾಕು ಎಂಬ ಭಾವನೆ ಅವರಲ್ಲಿ ಅನೇಕರಿಗಿತ್ತು. ಬಡವರಿಗೆ ಈ ವಿಚಾರಣೆ ಅವಮಾನಕರವೆನಿಸುತ್ತಿತ್ತು. ಆ ಆಕ್ಷೇಪಣೆ ಸಕಾರಣವೇ ಆಗಿತ್ತು.

ಬಡತನದ ರುಚಿಯನ್ನು ಸ್ವತಃ ಉಂಡಿದ್ದ ಮೇರಿ ಈ ಕಚೇರಿಗೆ ಬಂದಾಗ ಮೊದಲು ಬಾಸ್ಟನ್ನಿಗೆ ಹೋಗಿ ಅಲ್ಲಿನ ಸಂಘದ ಜಿಲ್ಪಾ ಸ್ಮಿತ್ ಎಂಬ ಅನುಭವಿಯಿಂದ ಕೆಲಸದ ಕ್ರಮವನ್ನು ತಿಳಿದುಕೊಂಡಳು. ಹಿಂದಿರುಗಿದ ಮೇಲೆ ಲೆಕ್ಕದ ಪುಸ್ತಕಕ್ಕಷ್ಟೆ ಅಂಟಿಕೊಳ್ಳದೆ ತಾನೂ ಸಂದರ್ಶಕಳಾಗಿ ಮನೆಮನೆಗೆ ಹೋದಳು. ಎರಡೇ ವರ್ಷಗಳಲ್ಲಿ, ೧೮೯೧ರಲ್ಲಿ, ಸಂಘದ ಪ್ರಧಾನ ಕಾರ್ಯದರ್ಶಿಯ ಸ್ಥಾನ ಆಕೆಗೆ ದೊರೆಯಿತು. ಅದಕ್ಕೆ ಹಿಂದೆ ವಿಶ್ವವಿದ್ಯಾಲಯದ ಪದವಿ ಪಡೆದ ಪುರುಷರು ಆ ಸ್ಥಾನದಲ್ಲಿದ್ದರು. ಪ್ರೌಢಶಾಲೆಯನ್ನಷ್ಟೆ ಓದಿದ ಮೂವತ್ತರ ಹೆಂಗಸಿಗೆ ಅದು ಸಂದುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಮನೆಗಳನ್ನು ಸುತ್ತಿದಂತೆಲ್ಲ ಆಕೆಗೆ ಒಂದು ವಿಷಯ ಸ್ಪಷ್ಟವಾಗುತ್ತ ಬಂದಿತು. ಒಂದೇ ಬೀದಿಯಲ್ಲಿ, ಒಂದೇ ಆದಾಯದಲ್ಲಿ ಬಾಳುವ ಎರಡು ಸಂಸಾರಗಳಲ್ಲಿ ಒಂದು ಕಷ್ಟವನ್ನು ತಡೆದುಕೊಂಡು ನಿಲ್ಲುತ್ತದೆ, ಇನ್ನೊಂದು ಕುಸಿಯುತ್ತದೆ. ಗಂಡ ಬಿಟ್ಟುಹೋದ ಹೆಂಗಸಿಗೆ ಬರಿಯ ರೊಟ್ಟಿ ಇದ್ದಲುಗಳನ್ನು ಕೊಟ್ಟರೆ ಅಂದಿನ ಹಸಿವು ನೀಗಬಹುದು; ಆತ ಏಕೆ ಹೋದ, ಆತನ ಅಣ್ಣತಮ್ಮಂದಿರು ಎಲ್ಲಿದ್ದಾರೆ, ಹಿರಿಯ ಮಗನ ಮೇಲೆ ಬಿದ್ದ ಹೊರೆ ಎಷ್ಟು ಎಂಬುದನ್ನು ತಿಳಿಯದೆ ಆ ಮನೆ ಮತ್ತೆ ನಿಲ್ಲಲಾರದು. ೧೮೯೯ರಲ್ಲಿ ಪ್ರಕಟವಾದ ತನ್ನ ಮೊದಲ ಪುಸ್ತಕದಲ್ಲಿ ಆಕೆ ಸಂದರ್ಶಕರಿಗಾಗಿ ಈ ಅನುಭವವನ್ನೆಲ್ಲ ಸಂಗ್ರಹಿಸಿದಳು.

ಬರಿಯ ಸದ್ಭಾವನೆಯಿಂದ ಈ ಕೆಲಸ ಸಾಗದು, ಇದಕ್ಕೆ ಶಿಕ್ಷಣ ಬೇಕು ಎಂಬುದು ಆಕೆಯ ಎರಡನೆಯ ನಿಲುವು. ೧೮೯೭ರಲ್ಲಿ ಟೊರಾಂಟೋ ನಗರದಲ್ಲಿ ಕೂಡಿದ ದತ್ತಿಸಂಸ್ಥೆಗಳ ರಾಷ್ಟ್ರೀಯ ಸಮ್ಮೇಳನದಲ್ಲಿ ಆಕೆ ಇದಕ್ಕಾಗಿಯೇ ಒಂದು ವಿದ್ಯಾಲಯವಿರಬೇಕೆಂದು ವಾದಿಸಿದಳು. ಮರುವರ್ಷವೇ ನ್ಯೂಯಾರ್ಕಿನ ಸಂಘದವರು ಆರು ವಾರಗಳ ಬೇಸಗೆ ತರಗತಿಯನ್ನು ಏರ್ಪಡಿಸಿದರು. ಆ ತರಗತಿಯೇ ಬೆಳೆದು ಇಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿದ್ಯಾಲಯವಾಗಿದೆ.

ವೃತ್ತದ ನಡುವೆ ಸಂಸಾರ

೧೯೦೦ರಲ್ಲಿ ಮೇರಿ ಫಿಲಡೆಲ್ಫಿಯಾ ನಗರದ ಸಂಘದ ಕಾರ್ಯದರ್ಶಿಯಾಗಿ ಹೋದಳು. ಒಂಬತ್ತು ವರ್ಷ ಅಲ್ಲಿ ನಡೆಸಿದ ಸೇವೆಯಲ್ಲಿ ಹೆಂಡತಿ ಮಕ್ಕಳನ್ನು ತೊರೆದುಹೋಗುವ ಗಂಡಂದಿರನ್ನು ಹೊಣೆಗಾರರನ್ನಾಗಿಸುವ ಕಾನೂನು, ಮಕ್ಕಳ ದುಡಿಮೆಗೆ ತಡೆ, ಬಾಲನ್ಯಾಯಾಲಯ, ಬಡವರ ವಸತಿ ಸುಧಾರಣೆ ಇವೆಲ್ಲಕ್ಕಾಗಿ ಹೋರಾಡಿದಳು. ಸಂಸಾರವನ್ನು ತಿದ್ದುವುದರಲ್ಲಿಯೇ ಮುಳುಗಿ ಸಮಾಜದ ಅನ್ಯಾಯಗಳಿಗೆ ಕಣ್ಣು ಮುಚ್ಚಿದವಳೆಂದು ಆಕೆಯನ್ನು ದೂರುವವರು ಈ ಒಂಬತ್ತು ವರ್ಷಗಳನ್ನು ಮರೆಯಬಾರದು.

ಇದೇ ಅವಧಿಯಲ್ಲಿ, ೧೯೦೧ರಲ್ಲಿ, ರಾಷ್ಟ್ರೀಯ ಸಮ್ಮೇಳನದ ಮುಂದೆ ಆಕೆ ಒಂದು ಚಿತ್ರವನ್ನು ಇಟ್ಟಳು. ನೀರಿಗೆ ಕಲ್ಲೆಸೆದಾಗ ಏಳುವ ಬಳೆಗಳಂತೆ ಒಂದರೊಳಗೊಂದು ವೃತ್ತಗಳು. ನಡುವೆ ಇರುವುದು ಕುಟುಂಬದ ಸ್ವಂತ ಶಕ್ತಿಗಳು: ಒಬ್ಬರಿಗೊಬ್ಬರ ಮಮತೆ, ದುಡಿಮೆ, ಒಗ್ಗಟ್ಟು. ಅದರ ಸುತ್ತ ನಂಟರಿಷ್ಟರ ಬಳಗ, ಆಮೇಲೆ ನೆರೆಹೊರೆ, ಆಮೇಲೆ ಶಾಲೆ, ಪೊಲೀಸು, ಆರೋಗ್ಯ ಇಲಾಖೆಗಳಂಥ ಪೌರಶಕ್ತಿಗಳು, ಅದರಾಚೆ ಖಾಸಗಿ ದತ್ತಿಗಳು, ಕಟ್ಟಕಡೆಯ ವೃತ್ತ ಸರ್ಕಾರದ ಸಹಾಯ. ಕಷ್ಟ ಬಂದಾಗ ಒಳಗಿನ ವೃತ್ತದ ಬಲವನ್ನು ಮೊದಲು ಹುಡುಕಬೇಕು, ಅದು ಸಾಲದಿದ್ದರೆ ಮಾತ್ರ ಹೊರಹೊರಗೆ ಹೋಗಬೇಕು ಎಂಬುದು ಆಕೆಯ ಸೂತ್ರ. ವ್ಯಕ್ತಿಯನ್ನು ಆತನ ಸುತ್ತಣ ಸಂಬಂಧಗಳಿಂದ ಕಿತ್ತು ನೋಡಲಾಗದು ಎಂಬ ಮಾತನ್ನು ಮುಂದಿನ ಕುಟುಂಬ ಚಿಕಿತ್ಸಕರು ಬೇರೆ ಪರಿಭಾಷೆಯಲ್ಲಿ ಹೇಳಿದರು. ಅದರ ಬೀಜ ಈ ಚಿತ್ರದಲ್ಲಿತ್ತು.

ವಿಧವೆಯರ ಪ್ರಶ್ನೆ

ಹಣಕಾಸಿನ ವ್ಯವಹಾರಸ್ಥ ರಸೆಲ್ ಸೇಜನ ಪತ್ನಿ ಗಂಡನ ನೆನಪಿಗಾಗಿ ಒಂದು ಕೋಟಿ ಡಾಲರುಗಳನ್ನಿತ್ತು ೧೯೦೭ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದ್ದಳು. ೧೯೦೯ರಲ್ಲಿ ಅದರ ದತ್ತಿಸಂಘಟನಾ ವಿಭಾಗದ ಮುಖ್ಯಸ್ಥೆಯಾಗಿ ಮೇರಿ ನೇಮಕಗೊಂಡಳು. ಕಡೆಯವರೆಗೂ ಅಲ್ಲಿಯೇ ಉಳಿದಳು. ಮೂವತ್ತು ವರ್ಷಗಳ ಹಿಂದೆ ಜ್ವರದಿಂದ ನರಳುತ್ತ ಬಿಟ್ಟುಹೋಗಿದ್ದ ನಗರಕ್ಕೆ ಈಗ ದೇಶದ ಸಮಾಜಸೇವಕರ ಗುರುವಾಗಿ ಬಂದಿದ್ದಳು.

ಇಲ್ಲಿ ಆಕೆಯ ಜೀವನದ ಅತಿ ಕಠಿನವಾದ ವಿವಾದವೊಂದು ಎದುರಾಯಿತು. ಮಕ್ಕಳೊಂದಿಗರಾದ ವಿಧವೆಯರಿಗೆ ಸರ್ಕಾರವೇ ಮಾಸಾಶನ ಕೊಡಬೇಕೆಂಬ ಕೂಗು ದೇಶದಲ್ಲೆಲ್ಲ ಎದ್ದಿತ್ತು. ೧೯೧೧ರಲ್ಲಿ ಇಲಿನಾಯ್ ಪ್ರಾಂತ ಇದಕ್ಕಾಗಿ ಕಾನೂನನ್ನು ಮಾಡಿತು. ಬೇರೆ ಪ್ರಾಂತಗಳು ಬೆನ್ನುಹತ್ತಿದವು. ಬಡತನದ ಕಾರಣಕ್ಕಾಗಿ ತಾಯಿಂದ ಮಕ್ಕಳನ್ನು ಅಗಲಿಸಿ ಅನಾಥಾಲಯಕ್ಕೆ ಕಳುಹಿಸುವ ಕ್ರೌರ್ಯವನ್ನು ನಿಲ್ಲಿಸಬೇಕೆಂಬುದು ಅದರ ಹಿಂದಿನ ದಯೆ. ತಾನೇ ತಬ್ಬಲಿಯಾಗಿ ಬೆಳೆದ ಮೇರಿ ಇದನ್ನು ಮೊದಲು ಎತ್ತಿಹಿಡಿಯಬೇಕಾಗಿತ್ತೆಂದು ನಮಗೆ ತೋರಬಹುದು. ಆದರೆ ಆಕೆ ಅದನ್ನು ವಿರೋಧಿಸಿದಳು.

ವಿರೋಧಕ್ಕೆ ಆಕೆ ಕಾರಣಗಳನ್ನು ಕೊಟ್ಟಳು. ೧೯೧೩ರಲ್ಲಿ ಸಹೋದ್ಯೋಗಿ ಫ್ರೆಡ್ ಹಾಲ್ ಜೊತೆಗೂಡಿ, ದತ್ತಿಸಂಘಗಳಿಗೆ ಪರಿಚಿತರಾದ ೯೮೫ ವಿಧವೆಯರ ಸ್ಥಿತಿಗತಿಗಳ ಅಧ್ಯಯನವನ್ನು ಪ್ರಕಟಿಸಿದಳು. ಅಂತರ್ಯುದ್ಧದ ಸೈನಿಕರಿಗೆ ಕೊಟ್ಟ ಮಾಸಾಶನ ರಾಜಕಾರಣಿಗಳ ಕೈಯಲ್ಲಿ ಮತ ಗಳಿಸುವ ಸಾಧನವಾದುದನ್ನು ಆಕೆ ಕಂಡಿದ್ದಳು. ಎಲ್ಲ ಮನೆಗೂ ಒಂದೇ ಅಳತೆಯ ಹಣ ಹಂಚಿ ಕೈತೊಳೆದುಕೊಂಡರೆ, ಆ ಮನೆಯ ನಿಜವಾದ ನೋವೇನೆಂದು ಕೇಳುವವರೇ ಇಲ್ಲವಾಗುವರೆಂಬುದು ಆಕೆಯ ಭಯ.

ಚರಿತ್ರೆ ಈ ವಾದವನ್ನು ಒಪ್ಪಲಿಲ್ಲ. ೧೯೨೦ರ ಹೊತ್ತಿಗೆ ಬಹುತೇಕ ಪ್ರಾಂತಗಳಲ್ಲಿ ಇಂಥ ಕಾನೂನು ಬಂದಿತು. ೧೯೩೫ರ ಸಾಮಾಜಿಕ ಭದ್ರತೆಯ ಶಾಸನ ಅದನ್ನು ಇಡೀ ದೇಶದ ನೀತಿಯನ್ನಾಗಿ ಮಾಡಿತು. ನೋಡಿದರೆ ಇದೇ ನ್ಯಾಯ. ಹಸಿದ ತಾಯಿಯ ಮುಂದೆ ವಿಚಾರಣೆಯ ಕಾಗದಗಳನ್ನು ಹರಡುವುದಕ್ಕಿಂತ ಹಕ್ಕಾಗಿ ಬರುವ ನಾಲ್ಕು ಕಾಸು ಹೆಚ್ಚು ಮಾನದ್ದು. ಆದರೆ ಹಣವೊಂದರಿಂದಲೇ ಮನೆ ನೆಟ್ಟಗಾಗುವುದಿಲ್ಲವೆಂದು ಆಕೆ ಎಚ್ಚರಿಸಿದ ಅರ್ಧ ಸತ್ಯವೂ ಸುಳ್ಳಾಗಲಿಲ್ಲ. ಅನ್ನ ಮತ್ತು ವಿಚಾರಣೆ, ಇವೆರಡರಲ್ಲಿ ಒಂದನ್ನು ಆರಿಸಬೇಕೆಂದು ಭಾವಿಸಿದುದೇ ಆ ಕಾಲದ ವಾದಿಗಳೆಲ್ಲರ ದೋಷವಾಗಿತ್ತು.

ಸಾಮಾಜಿಕ ನಿದಾನ

೧೯೧೫ರಲ್ಲಿ ಬಾಲ್ಟಿಮೋರಿನಲ್ಲಿ ನಡೆದ ರಾಷ್ಟ್ರೀಯ ಸಮ್ಮೇಳನದಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಪ್ರಸಿದ್ಧ ಶಿಕ್ಷಣತಜ್ಞನು, ಸಮಾಜಸೇವೆಗೆ ತನ್ನದೇ ಆದ ವಿದ್ಯೆ ಇಲ್ಲವಾದ್ದರಿಂದ ಅದು ವೈದ್ಯ, ವಕೀಲಿಗಳಂತೆ ವೃತ್ತಿಯೆನಿಸಲಾರದೆಂದು ತೀರ್ಮಾನ ಹೇಳಿದನು. ಸೇವಕರು ಕುಗ್ಗಿಹೋದರು. ಮೇರಿಯಾದರೋ ಹಲವು ವರ್ಷಗಳಿಂದ ಸದ್ದಿಲ್ಲದೆ ನಾನಾ ನಗರಗಳ ಸಂಸ್ಥೆಗಳ ಕಡತಗಳನ್ನು ಓದಿ, ಸೇವಕರನ್ನು ಕಂಡು ಮಾತನಾಡಿಸಿ ಒಂದು ಬೃಹದ್ಗ್ರಂಥವನ್ನು ಸಿದ್ಧಪಡಿಸುತ್ತಿದ್ದಳು. ೧೯೧೭ರಲ್ಲಿ ಅದು ಹೊರಬಂದಿತು. ಐನೂರು ಪುಟಗಳನ್ನು ಮೀರಿದ ಆ ಗ್ರಂಥದ ಹೆಸರನ್ನು ಕನ್ನಡದಲ್ಲಿ ಸಾಮಾಜಿಕ ನಿದಾನ ಎನ್ನಬಹುದು. ವೈದ್ಯನು ಮದ್ದು ಕೊಡುವ ಮೊದಲು ರೋಗದ ಮೂಲವನ್ನು ಹುಡುಕುವಂತೆ, ಸಂಸಾರದ ಕಷ್ಟದ ಮೂಲವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಆಕೆ ಅದರಲ್ಲಿ ನಿರೂಪಿಸಿದಳು.

ಅದಕ್ಕಾಗಿ ಆಕೆ ನ್ಯಾಯಶಾಸ್ತ್ರ, ವೈದ್ಯ, ಇತಿಹಾಸ, ಮನಶ್ಶಾಸ್ತ್ರಗಳಿಂದ ಸಾಕ್ಷ್ಯವಿಚಾರದ ಕ್ರಮಗಳನ್ನು ಎತ್ತಿಕೊಂಡಳು. ಕಣ್ಣಾರೆ ಕಂಡುದೆಷ್ಟು, ಕೇಳಿದ ಮಾತೆಷ್ಟು, ಸಂದರ್ಶಕನ ಊಹೆಯೆಷ್ಟು ಎಂದು ಬೇರ್ಪಡಿಸಬೇಕು. ಪೂರ್ವಗ್ರಹ ಎಲ್ಲಿ ನುಸುಳಿತೆಂದು ತನ್ನನ್ನೇ ಪರೀಕ್ಷಿಸಿಕೊಳ್ಳಬೇಕು. ಮೊದಲ ಭೇಟಿ, ಮನೆಯವರು, ನಂಟರು, ವೈದ್ಯರು, ಶಾಲೆಯ ಉಪಾಧ್ಯಾಯರು, ಕೆಲಸ ಕೊಟ್ಟ ಧಣಿ, ನೆರೆಹೊರೆ ಹೀಗೆ ಒಂದೊಂದು ಮೂಲದಿಂದಲೂ ಏನನ್ನು ತಿಳಿಯಬಹುದು, ಎಲ್ಲಿ ಎಚ್ಚರ ಬೇಕು ಎಂಬುದಕ್ಕೆ ಒಂದೊಂದು ಅಧ್ಯಾಯ. ಹೆಣ್ಣು ಕೊಡುವ ಮೊದಲು ನಮ್ಮ ಹಿರಿಯರು ಗಂಡಿನ ಊರಿಗೆ ಹೋಗಿ ಅವರಿವರನ್ನು ಕೇಳಿ ಮನೆತನದ ಹದವನ್ನು ಅಳೆಯುತ್ತಿದ್ದುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ನಮ್ಮ ಹಿರಿಯರು ಅಳೆದುದು ಆರಿಸುವುದಕ್ಕೆ ಅಥವಾ ತಳ್ಳುವುದಕ್ಕೆ. ಮೇರಿ ಅಳೆದುದು ಕೈಹಿಡಿದು ಎತ್ತುವುದಕ್ಕೆ.

ಕುಟುಂಬವನ್ನು ಕುರಿತ ಅಧ್ಯಾಯವೇ ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಒಬ್ಬ ವ್ಯಕ್ತಿಯನ್ನು ಮಾತ್ರ ಹಿಡಿದು ಉಪಚರಿಸಿದರೆ ಮೊದಲಿಗೆ ಫಲ ಕಂಡಂತಾದರೂ, ಆತ ಮರಳಿ ಅದೇ ಮನೆಗೆ ಹೋದ ಕೂಡಲೆ ಆ ಫಲ ಉದುರಿಹೋಗುವುದೆಂದು ಆಕೆ ಅನುಭವದಿಂದ ತೋರಿಸಿದಳು. ಮನೆಯವರೆಲ್ಲರನ್ನೂ ಒಟ್ಟಿಗೆ, ಅವರು ತಮ್ಮತಮ್ಮೊಳಗೆ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ನೋಡಬೇಕು. ಅವರನ್ನು ಹಿಡಿದಿಟ್ಟಿರುವ ಬಂಧ ಗಟ್ಟಿಯೋ ಸಡಿಲವೋ, ಕಷ್ಟ ಬಂದಾಗ ಒಂದಾಗುವರೋ ಚದರುವರೋ ಎಂಬುದನ್ನು ಅಳೆಯಬೇಕು. ಸೇವಕರು ಹಗಲು ಹೊತ್ತಿನಲ್ಲಿ ಮನೆಗೆ ಹೋಗುವುದರಿಂದ ದುಡಿಯಲು ಹೋದ ಗಂಡಸು ಅವರ ಕಣ್ಣಿಗೇ ಬೀಳುವುದಿಲ್ಲ. ಹೆಂಗಸಿನ ಮಾತನ್ನಷ್ಟೆ ಕೇಳಿ ಇಡೀ ಸಂಸಾರವನ್ನು ತೀರ್ಮಾನಿಸುತ್ತಾರೆ. ಇದು ದೊಡ್ಡ ತಪ್ಪೆಂದು ಆಕೆ ಎಚ್ಚರಿಸಿದಳು. ತಂದೆಯನ್ನು ಬಿಟ್ಟು ಕುಟುಂಬವನ್ನು ಅರಿಯಲಾಗದೆಂಬ ಈ ಮಾತನ್ನು ಚಿಕಿತ್ಸಾಲಯಗಳು ಒಪ್ಪಿಕೊಳ್ಳಲು ಮತ್ತೆ ಹಲವು ದಶಕಗಳೇ ಬೇಕಾದವು.

ಇನ್ನೊಂದು ಭಾಗ ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮಂಥವರ ಮನಸ್ಸನ್ನು ವಿಶೇಷವಾಗಿ ಸೆಳೆಯುತ್ತದೆ. ಪರದೇಶದಿಂದ ಬಂದು ನೆಲೆಸಿದ ಸಂಸಾರಗಳನ್ನು ವಿಚಾರಿಸುವ ಕ್ರಮಕ್ಕಾಗಿಯೇ ಆಕೆ ಪ್ರತ್ಯೇಕ ಪ್ರಶ್ನಾವಳಿಯನ್ನು ಬರೆದಳು. ಅವರ ತಾಯ್ನಾಡು ಎಂಥದು, ಅಲ್ಲಿನ ನಡವಳಿಕೆಗಳೇನು, ಅಲ್ಲಿಂದ ಏಕೆ ಹೊರಟರು ಎಂಬುದನ್ನು ತಿಳಿಯದೆ ಅವರ ನಡತೆಯನ್ನು ಅಮೆರಿಕದ ಅಳತೆಗೋಲಿನಿಂದ ಅಳೆಯಬಾರದೆಂಬುದು ಅದರ ಸಾರ. ಹೊಸ ನಾಡಿನ ಭಾಷೆಯನ್ನು ಮಕ್ಕಳು ಬೇಗ ಕಲಿತು, ತಂದೆತಾಯಂದಿರು ಹಿಂದುಳಿದು, ಮನೆಯೊಳಗಿನ ಹಿರಿತನ ತಲೆಕೆಳಗಾಗುವ ಸಂಕಟ ವಲಸೆಗಾರರೆಲ್ಲರಿಗೂ ಪರಿಚಿತ. ಅಂಥ ಮನೆಯಲ್ಲಿ ಮಗ ಎದುರಾಡಿದರೆ ಅದನ್ನು ಬರಿಯ ಮಗನ ದುರ್ಗುಣವೆಂದು ಬರೆದಿಡುವುದು ಎಷ್ಟರಮಟ್ಟಿಗೆ ನ್ಯಾಯ?

ಹೆಲೆನ್ ಕೆಲರಳ ಉದಾಹರಣೆ

೧೯೨೧ರಲ್ಲಿ ಸ್ಮಿತ್ ಕಾಲೇಜು ಮೇರಿಗೆ ಗೌರವ ಪದವಿಯನ್ನಿತ್ತಿತು. ಮರುವರ್ಷ ಆಕೆ ಸಾಮಾನ್ಯ ಓದುಗರಿಗಾಗಿ, ವೈಯಕ್ತಿಕ ಸಮಾಜಕಾರ್ಯವೆಂದರೇನೆಂದು ತಿಳಿಸುವ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದಳು. ಅದರಲ್ಲಿ ಮೊದಲ ಉದಾಹರಣೆಯಾಗಿ ಆರಿಸಿಕೊಂಡುದು ಲೋಕಪ್ರಸಿದ್ಧಳಾದ ಹೆಲೆನ್ ಕೆಲರ್ ಮತ್ತು ಆಕೆಯ ಗುರು ಆನ್ ಸಲಿವನ್ ಇವರ ವೃತ್ತಾಂತವನ್ನು.

ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡ ಆರು ವರ್ಷದ ಹೆಲೆನಳಿಗೆ ಕಲಿಸಲು ಸಲಿವನ್ ಅಲಬಾಮ ಪ್ರಾಂತದ ಟಸ್ಕಂಬಿಯಾಕ್ಕೆ ಬಂದುದು ೧೮೮೭ರ ಮಾರ್ಚಿಯಲ್ಲಿ. ಮಗು ಮನೆಯನ್ನೇ ಆಳುತ್ತಿತ್ತು. ಊಟದ ಮೇಜಿನಲ್ಲಿ ಎಲ್ಲರ ತಟ್ಟೆಗೂ ಕೈ ಹಾಕುತ್ತಿತ್ತು. ತಡೆದರೆ ರಂಪ ಮಾಡುತ್ತಿತ್ತು. ಕನಿಕರದಿಂದ ಕರಗಿದ ತಂದೆತಾಯಂದಿರು ಏನನ್ನೂ ತಡೆಯಲಾರದೆ ಹೋಗಿದ್ದರು. ಮಗುವಿಗೆ ಅಕ್ಷರ ಕಲಿಸುವುದಕ್ಕೆ ಅಡ್ಡಿಯಾಗಿರುವುದು ಅದರ ಕುರುಡುತನವೊಂದೇ ಅಲ್ಲ, ಮನೆಯವರ ಮರುಕವೂ ಹೌದೆಂಬುದನ್ನು ಸಲಿವನ್ ಕಂಡುಕೊಂಡಳು. ಅವರನ್ನು ಒಪ್ಪಿಸಿ, ತೋಟದಲ್ಲಿದ್ದ ಚಿಕ್ಕ ಮನೆಯಲ್ಲಿ ಸುಮಾರು ಎರಡು ವಾರ ಮಗುವನ್ನು ತನ್ನೊಬ್ಬಳ ಬಳಿಯಲ್ಲೇ ಇಟ್ಟುಕೊಂಡಳು. ಆಮೇಲೆ ಮರಳಿ ಮನೆಗೆ ಕರೆತಂದಾಗ ತಂದೆತಾಯಂದಿರ ನಡವಳಿಕೆಯೂ ಬದಲಾಗಬೇಕಾಯಿತು.

ಈ ಕಥೆಯನ್ನು ಲೋಕವೆಲ್ಲ ವಿದ್ಯೆಯ ಪವಾಡವೆಂದು ಕೊಂಡಾಡುತ್ತಿದ್ದಾಗ ಮೇರಿ ಅದರೊಳಗೆ ಸಂಬಂಧಗಳ ಮರುಜೋಡಣೆಯನ್ನು ಗುರುತಿಸಿದಳು. ವ್ಯಕ್ತಿಯನ್ನೂ ಆತನ ಪರಿಸರವನ್ನೂ ಒಂದಕ್ಕೊಂದು ಹೊಂದಿಸುವ ಮೂಲಕ ವ್ಯಕ್ತಿತ್ವವನ್ನು ಅರಳಿಸುವುದೇ ತನ್ನ ವಿದ್ಯೆಯೆಂದು ಆಕೆ ವಿವರಿಸಿದಳು.

ಕಡೆಯ ವರ್ಷಗಳಲ್ಲಿ ಆಕೆಯ ಗಮನ ಸಂಸಾರದ ಬಾಗಿಲಾದ ಮದುವೆಯ ಕಡೆಗೆ ತಿರುಗಿತು. ಅಮೆರಿಕದ ಹಲವು ಪ್ರಾಂತಗಳಲ್ಲಿ ಆಗಿನ್ನೂ ಹೆಣ್ಣಿಗೆ ಹನ್ನೆರಡು ವರ್ಷವಾದರೆ ಮದುವೆಗೆ ಕಾನೂನಿನ ತಡೆಯಿರಲಿಲ್ಲ. ಫ್ರೆಡ್ ಹಾಲ್ ಜೊತೆಗೂಡಿ ೧೯೨೫ರಲ್ಲಿ ಬಾಲ್ಯವಿವಾಹಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿ, ಮದುವೆಯ ಕನಿಷ್ಠ ವಯಸ್ಸನ್ನು ಏರಿಸಬೇಕೆಂದು ವಾದಿಸಿದಳು. ನಮ್ಮ ದೇಶದಲ್ಲಿ ಶಾರದಾ ಶಾಸನ ಬಂದುದು ೧೯೨೯ರಲ್ಲಿ. ಬಾಲ್ಯವಿವಾಹವನ್ನು ಪೂರ್ವದೇಶಗಳ ಕಳಂಕವೆಂದಷ್ಟೆ ಭಾವಿಸುವವರು ಈ ಎರಡು ಇಸವಿಗಳನ್ನು ಒಟ್ಟಿಗೆ ನೆನೆಯುವುದು ಒಳ್ಳೆಯದು.

ಅವಿವಾಹಿತೆಯಾಗಿಯೇ ಉಳಿದ ಮೇರಿ ರಿಚ್ಮಂಡ್ ೧೯೨೮ರ ಸೆಪ್ಟೆಂಬರ್ ೧೨ರಂದು ಅರವತ್ತೇಳನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡಳು. ವಿವಾಹ ಮತ್ತು ರಾಜ್ಯವ್ಯವಸ್ಥೆಯನ್ನು ಕುರಿತ ಆಕೆಯ ಕೊನೆಯ ಪುಸ್ತಕ ಮರುವರ್ಷ ಬೆಳಕು ಕಂಡಿತು.

ಕಡಿದ ಎಳೆ, ಕೂಡಿದ ಎಳೆ

ಆಕೆಯ ಕಣ್ಣೆದುರಿಗೇ ಕಾಲದ ಗಾಳಿ ಬೇರೆ ಕಡೆಗೆ ತಿರುಗಿತ್ತು. ಮೊದಲ ಮಹಾಯುದ್ಧದ ತರುವಾಯ ಫ್ರಾಯ್ಡನ ಮನೋವಿಶ್ಲೇಷಣೆ ಅಮೆರಿಕದಲ್ಲಿ ಹಬ್ಬಿತು. ಸಮಾಜಸೇವಕರೂ ವ್ಯಕ್ತಿಯ ಅಂತರಂಗವನ್ನು ಶೋಧಿಸುವ ಕಡೆಗೆ ಒಲಿದರು. ಬಾಲಮಾರ್ಗದರ್ಶನ ಚಿಕಿತ್ಸಾಲಯಗಳಲ್ಲಿ ವೈದ್ಯನು ಮಗುವನ್ನು ಒಂದು ಕೋಣೆಯಲ್ಲಿ, ಸಮಾಜಸೇವಕಿ ತಾಯಿಯನ್ನು ಇನ್ನೊಂದು ಕೋಣೆಯಲ್ಲಿ ಕಾಣುವ ಪದ್ಧತಿ ಬೆಳೆಯಿತು. ತಂದೆಗೆ ಕೋಣೆಯೇ ಇರಲಿಲ್ಲ. ಕುಟುಂಬವನ್ನು ಇಡಿಯಾಗಿ ನೋಡುವ ಎಳೆ ಕಡಿದಂತಾಯಿತು.

ಅದನ್ನು ಮತ್ತೆ ಹಿಡಿದವರಲ್ಲಿ ಬೆಸರಾಬಿಯಾದಲ್ಲಿ ೧೯೦೮ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ವಲಸೆ ಬಂದ ನೇಥನ್ ಅಕರ್ಮನ್ ಪ್ರಮುಖನು. ೧೯೩೦ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಗಣಿಯೂರುಗಳಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರ ಮನೆಗಳನ್ನು ನೋಡಿದಾಗ, ತಂದೆಯ ನಿರುದ್ಯೋಗ ಹೇಗೆ ಇಡೀ ಮನೆಯ ಮನಸ್ಸನ್ನು ಕೆಡಿಸುತ್ತದೆಂಬುದು ಈ ಮನೋವೈದ್ಯನಿಗೆ ಮನದಟ್ಟಾಯಿತು. ೧೯೫೭ರಲ್ಲಿ ನ್ಯೂಯಾರ್ಕಿನ ಯೆಹೂದಿ ಕುಟುಂಬ ಸೇವಾಸಂಸ್ಥೆಯಲ್ಲಿ ಆತ ಕುಟುಂಬ ಮಾನಸಿಕ ಆರೋಗ್ಯ ಚಿಕಿತ್ಸಾಲಯವನ್ನು ತೆರೆದನು. ೧೯೬೦ರಲ್ಲಿ ತನ್ನದೇ ಕುಟುಂಬ ಸಂಸ್ಥೆಯನ್ನು ಸ್ಥಾಪಿಸಿದನು. ಮೊದಲ ಚಿಕಿತ್ಸಾಲಯಕ್ಕೆ ಆಶ್ರಯ ಕೊಟ್ಟುದು ಆಸ್ಪತ್ರೆಯಲ್ಲ, ಮೇರಿ ಹಾಕಿಕೊಟ್ಟ ದಾರಿಯಲ್ಲಿ ನಡೆಯುತ್ತಿದ್ದಂಥ ಸಮಾಜಸೇವಾಸಂಸ್ಥೆ ಎಂಬುದು ಗಮನಾರ್ಹ. ಇತ್ತ ೧೯೫೪ರಿಂದ ಮರೆ ಬೋವನ್ ಎಂಬ ವೈದ್ಯನು ಬೆಥೆಸ್ಡಾದ ರಾಷ್ಟ್ರೀಯ ಸಂಸ್ಥೆಯಲ್ಲಿ ಮನೋರೋಗಿಗಳೊಂದಿಗೆ ಮೊದಲು ತಾಯಂದಿರನ್ನು, ಬಳಿಕ ಇಡೀ ಕುಟುಂಬಗಳನ್ನು ಆಸ್ಪತ್ರೆಯಲ್ಲಿಯೇ ಇರಿಸಿ ಅಧ್ಯಯನ ನಡೆಸಿದನು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಗ್ರೆಗರಿ ಬೇಟ್ಸನ್‌ನ ತಂಡ ೧೯೫೬ರಲ್ಲಿ ಮನೆಯೊಳಗಿನ ಮಾತುಕತೆಯ ತೊಡಕುಗಳಿಗೂ ಮನೋವಿಕಾರಕ್ಕೂ ನಂಟಿದೆಯೆಂಬ ಸಿದ್ಧಾಂತವನ್ನು ಮುಂದಿಟ್ಟಿತು. ಮನೋವಿಕಾರಕ್ಕೆ ಮನೆಯ ಮಾತುಕತೆಯೇ ಕಾರಣವೆಂಬ ವಾದ ಮುಂದೆ ನಿಲ್ಲಲಿಲ್ಲವಾದರೂ ಮನೆಯವರನ್ನು ಒಟ್ಟಿಗೆ ಕಾಣುವ ಪದ್ಧತಿ ಉಳಿದು ಬೆಳೆಯಿತು.

ನಮ್ಮ ದೇಶಕ್ಕೂ ಈ ಎಳೆ ಬಂದು ತಲುಪಿದೆ. ೧೯೩೬ರಲ್ಲಿ ಮುಂಬಯಿಯಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ನಿರ್ದೇಶನದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ವಿದ್ಯಾಲಯ ಆರಂಭವಾದಾಗ, ಅಮೆರಿಕದಲ್ಲಿ ಮೇರಿ ರೂಪಿಸಿದ ವೃತ್ತಿಶಿಕ್ಷಣದ ಪದ್ಧತಿ ಭಾರತದ ನೆಲಕ್ಕೆ ಬಂದಿತು. ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಜೊತೆಯಲ್ಲಿಯೇ ಇರಿಸಿ ಚಿಕಿತ್ಸೆ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬ ಮನೋವೈದ್ಯಕ್ಕಾಗಿ ಪ್ರತ್ಯೇಕ ಕೇಂದ್ರವೇ ಬೆಳೆಯಿತು. ಅಮೆರಿಕದ ವೈದ್ಯರು ಮನೆಯವರನ್ನು ಆಸ್ಪತ್ರೆಗೆ ಕರೆತರಲು ಹೆಣಗಬೇಕಾಯಿತು. ನಮ್ಮಲ್ಲಿ ಕರೆಯದಿದ್ದರೂ ಮನೆಯವರೆಲ್ಲ ರೋಗಿಯ ಹಿಂದೆಯೇ ಬರುತ್ತಾರೆ.

ಆದರೆ ಬರುವುದು ಬೇರೆ, ತಮ್ಮ ಪಾಲನ್ನು ಒಪ್ಪಿಕೊಳ್ಳುವುದು ಬೇರೆ. ಊರುಮನೆಯ ಹಿರಿಯರಿಂದ ದೂರವಾಗಿ, ಎರಡು ಕೋಣೆಯ ಬಾಡಿಗೆ ಮನೆಗಳಲ್ಲಿ ಬಾಳುವ ಇಂದಿನ ಸಂಸಾರಗಳಿಗೆ ನ್ಯಾಯ ಹೇಳುವ ಅಜ್ಜಂದಿರಿಲ್ಲ, ಮುನಿದ ಸೊಸೆಯನ್ನು ಸಂತೈಸುವ ನೆರೆಯವರಿಲ್ಲ. ಮೇರಿ ರಿಚ್ಮಂಡ್ ಬರೆದ ವೃತ್ತಗಳಲ್ಲಿ ನಡುವಣದೊಂದನ್ನು ಬಿಟ್ಟು ಉಳಿದವೆಲ್ಲ ನಮ್ಮ ನಗರಗಳಲ್ಲಿ ಮಾಸಿಹೋಗುತ್ತಿವೆ. ಅಂಥಲ್ಲಿ ಒಬ್ಬರು ಜಾರಿದಾಗ, ತಪ್ಪು ಯಾರದೆಂದು ಬೆರಳು ತೋರಿಸುವ ಮೊದಲು, ಆ ಒಬ್ಬರು ಮನೆಯವರೆಲ್ಲರ ಯಾವ ನೋವನ್ನು ಹೊತ್ತಿದ್ದಾರೆಂದು ಕೇಳುವುದಕ್ಕೆ ವೈದ್ಯನೇ ಬೇಕೆಂದಿಲ್ಲ. ಬಾಲ್ಟಿಮೋರಿನ ಆ ಲೆಕ್ಕ ಬರೆಯುವ ಹೆಣ್ಣುಮಗಳು ಆ ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದನ್ನು ಲೋಕಕ್ಕೆ ಕಲಿಸಿಕೊಟ್ಟು ಹೋಗಿದ್ದಾಳೆ.